ಕಾಲು ಮುಂದಾಗಿ ಹುಟ್ಟಿದವಳು

ಹಿತ್ತಿಲ ಬಾಗಿಲು ಬಡಿದ ಅಂಬುಜಮ್ಮನ ಕೈಯಲ್ಲಿ ಹಾಲಿನ ಪಾತ್ರೆ ಇರಲಿಲ್ಲ. ಪಟಾಲಮ್ಮನಿಗೆ ವಿಷಯ ತಿಳಿಯಲು ಅಷ್ಟೇ ಸಾಕಾಯಿತು. ಕಾಲೋನಿಯ ಹೆಂಗಸರು ಪಾತ್ರೆ ಇಲ್ಲದೆ ಹಿತ್ತಿಲಿಗೆ ಬಂದರೆಂದರೆ ಅವರ ಮನೆಯಲ್ಲಿ ಯಾರಿಗೋ ಸೊಂಟ ಹಿಡಿದುಕೊಂಡಿದೆ ಎಂದೇ ಅರ್ಥ.

"ಮುನಿಶಾಮಮ್ಮಾ, ನಿನ್ನ ಮಗಳು ಇದಾಳಾ?" ಅಂಬುಜಮ್ಮ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಮ್ಮನೆಯವರು ಪೇಪರ್ ಎತ್ಕೊಳ್ಳೋಕೆ ಬಗ್ಗಿದ್ರು ನೋಡು, ಅಷ್ಟೇ. ಏಳಕ್ಕಾಗ್ತಿಲ್ಲ, ಕೂರಕ್ಕಾಗ್ತಿಲ್ಲ. ಹಾಲ್‌ನಲ್ಲಿ ಬೋರಲು ಬಿದ್ಕೊಂಡು ನರಳ್ತಿದಾರೆ."

ಎಮ್ಮೆಗೆ ಹುಲ್ಲು ಹಾಕುತ್ತಿದ್ದ ಮುನಿಶಾಮಮ್ಮ ಕೈ ಕೊಡವಿಕೊಂಡು, "ಅಯ್ಯೋ ಪಾಪ! ಪಟಾಲಿ, ಓಗವ್ವ ಬಿರ್‌ಬಿರ್ನೆ" ಎಂದಳು.

ಪಟಾಲಮ್ಮ ಕದಲಲಿಲ್ಲ.

ಅವಳು ಹುಟ್ಟುವಾಗ ತಲೆಗಿಂತ ಮೊದಲು ಕಾಲು ಹೊರಗೆ ಬಂದಿತ್ತು. ಅಂಥವರು ಎಡಗಾಲಿನಿಂದ ಮೂರು ಸಲ ಮೆಲ್ಲಗೆ ಒದ್ದರೆ ಹಿಡಿದ ಸೊಂಟವಾಗಲಿ ಕತ್ತಾಗಲಿ ಬಿಡುತ್ತದೆ ಎಂಬುದು ದೊಮ್ಮಲೂರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಕಾಸು ಮುಟ್ಟಬಾರದು. ನೋವೆಂದು ಬಂದವರಿಗೆ ಇಲ್ಲ ಎನ್ನಬಾರದು, ಹಾಗೆ ಅಂದರೆ ಕಾಲಿನ ಗುಣ ಹೋಗಿಬಿಡುತ್ತದೆ. ಊರು ಊರಾಗಿದ್ದ ಕಾಲದಲ್ಲಿ ಇದನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಗಾಡಿಯವರು, ಗಾರೆ ಕೆಲಸದವರು ಹಾಡಹಗಲೇ ಬಂದು ಜಗಲಿಯ ಮೇಲೆ ಮಲಗುತ್ತಿದ್ದರು. ಐದು ವರ್ಷದ ಪಟಾಲಿ ಕಿಲಕಿಲ ನಕ್ಕು, ಒದ್ದು ಓಡಿಹೋಗುತ್ತಿದ್ದಳು.

ರಾಗಿ ಹೊಲ ಹೋಗಿ ಅಲ್ಲಿ ಕಾಲೋನಿ ಎದ್ದ ಮೇಲೆ ಜಗಲಿಗೆ ಬರುವವರು ಕಡಿಮೆಯಾದರು, ಹಿತ್ತಿಲಿಗೆ ಬರುವವರು ಹೆಚ್ಚಿದರು. ಹೋಗುವಾಗ ಎಲ್ಲರದೂ ಒಂದೇ ಮಾತು: "ಯಾರಿಗೂ ಹೇಳ್ಬೇಡಮ್ಮ." ಅವಳು ಯಾರಿಗೂ ಹೇಳಲಿಲ್ಲ. ಶಾಲೆಯಲ್ಲೂ ಹೇಳಲಿಲ್ಲ. ಹೇಳಿದ್ದು ಅವರೇ. ಎರಡನೇ ಬೀದಿಯ ಮಗುವೊಂದಕ್ಕೆ ಜ್ವರ ಬಂದಾಗ, ಆ ಹುಡುಗಿ ಹಾಲು ಕೊಟ್ಟು ಹೋದಮೇಲೇ ಬಂದದ್ದು ಅಂದರು. ಕಾಲಲ್ಲಿ ತೆಗೆಯಬಲ್ಲವಳು ಕಾಲಲ್ಲಿ ಹಾಕಲಾರಳೇ ಅಂದರು. ಮಾಟದ ಹುಡುಗಿ ಎಂಬ ಹೆಸರು ಬೀದಿ ನಲ್ಲಿಯ ಹತ್ತಿರ ಹುಟ್ಟಿ ಮನೆಮನೆಗೂ ಹೋಯಿತು.

ಹೆಸರಿನಿಂದ ಹೊಟ್ಟೆಗೇನೂ ಕಡಿಮೆಯಾಗಿರಲಿಲ್ಲ, ಮೊನ್ನೆ ಗುರುವಾರದವರೆಗೆ. ಕೆ.ಆರ್. ಪುರದ ಕಡೆಯ ಕಾರ್ಖಾನೆಯೊಂದು ತಂತಿ ಸುತ್ತುವ ಕೆಲಸಕ್ಕೆ ಎಸ್ಸೆಸ್ಸೆಲ್ಸಿ ಪಾಸಾದ ಹೆಣ್ಣುಮಕ್ಕಳನ್ನು ಕರೆದಿತ್ತು. ಪಟಾಲಮ್ಮನ ಅರ್ಜಿಯಲ್ಲಿ ಎಲ್ಲ ಇತ್ತು, ಗೆಜೆಟೆಡ್ ಆಫೀಸರರ ನಡತೆ ಪತ್ರ ಒಂದು ಬಿಟ್ಟು. ಅವಳಿಗೆ ಗೊತ್ತಿದ್ದ ಆಫೀಸರು ಅಂಬುಜಮ್ಮನ ಗಂಡ ಶ್ರೀಕಂಠಯ್ಯನವರು. ಆರು ವರ್ಷದಿಂದ ಆ ಮನೆಗೆ ಹಾಲು ಹಾಕುತ್ತಿದ್ದವಳು ಅವಳೇ.

ಶ್ರೀಕಂಠಯ್ಯನವರು ಗೇಟಿನ ಒಳಗೇ ನಿಂತು ಫಾರಂ ಓದಿದ್ದರು. "ಅಭ್ಯರ್ಥಿಯನ್ನು ನಾನು ಬಲ್ಲೆ ಅಂತ ಬರೀಬೇಕಲ್ಲಮ್ಮ ಇದರಲ್ಲಿ. ನಾನು ನಿನ್ನ ಎಲ್ಲಿ ಬಲ್ಲೆ? ಜನ ಬೇರೆ ಏನೇನೋ ಅಂತಾರೆ. ನಾಳೆ ಹೆಚ್ಚುಕಮ್ಮಿ ಆದ್ರೆ ಸೈನ್ ಹಾಕಿದೋನ್ನ ಕೇಳ್ತಾರೆ."

ಅವರ ಹಿಂದೆ ಕರ್ಟನ್ ಹಿಡಿದು ಅಂಬುಜಮ್ಮ ನಿಂತಿದ್ದರು. ಅವರ ಸೊಂಟವನ್ನು ಪಟಾಲಮ್ಮ ಎರಡು ಸಲ ಬಿಡಿಸಿದ್ದಳು. ಅವರು ತುಟಿ ಎರಡು ಮಾಡಲಿಲ್ಲ.

ಅರ್ಜಿ ಕೊಡಲು ಇವತ್ತು ಶನಿವಾರ ಮಧ್ಯಾಹ್ನ ಹನ್ನೆರಡು ಗಂಟೆ ಕೊನೆ. ಈಗಾಗಲೇ ಒಂಬತ್ತೂವರೆ.

"ಇಲ್ಲ ಅನ್ನಲ್ಲ ಅಂಬುಜಮ್ನೋರೆ, ಬರ್ತೀನಿ" ಎಂದಳು ಪಟಾಲಮ್ಮ. "ಮುಂದಿನ ಬಾಗಿಲಿಂದ ಬರ್ತೀನಿ."

"ಅಯ್ಯೋ, ಅದ್ಯಾಕಮ್ಮಾ? ಈ ಹೊತ್ನಲ್ಲಿ ಎಲ್ಲಾ ಆಚೆ ಕೂತಿರ್ತಾರೆ."

"ಕೂತಿರ್ಲಿ. ನಾನೇನು ಕದಿಯೋಕೆ ಬರ್ತಿದೀನಾ?"

"ಏ, ಬಾಯ್ಮುಚ್ಚು!" ಮುನಿಶಾಮಮ್ಮ ಗದರಿದಳು. "ನೋವಲ್ಲಿರೋರ ಮುಂದೆ ಸೆಟ್ಗಂಡ್ರೆ ಕಾಲಿನ ಗುಣ ಒಂಟೋಯ್ತದೆ."

"ಹೋದ್ರೆ ಹೋಗ್ಲಿ ಬಿಡವ್ವ. ನಾನು ಮುಟ್ಟಿದ್ ನಲ್ಲೀನ ಹುಣಸೇಹಣ್ ಹಾಕಿ ತಿಕ್ಕಿ ಆಮೇಲೆ ನೀರು ಹಿಡೀತಾರೆ ಇವ್ರು. ಆ ಗುಣ ಇಟ್ಕೊಂಡು ಏನ್ ಮಾಡ್ಲಿ?"

ಅಂಬುಜಮ್ಮ ನೆಲ ನೋಡಿದರು. ಆಮೇಲೆ, "ಬಾಮ್ಮ, ಯಾವ ಬಾಗಿಲಿಂದಾದ್ರೂ ಬಾ" ಎಂದು ಸಂದಿಯಲ್ಲಿ ಬೇಗಬೇಗ ನಡೆದರು.

ಪಟಾಲಮ್ಮ ತಲೆ ಬಾಚಿಕೊಂಡು, ಶಾಲೆಯ ಕೊನೆಯ ದಿನ ಉಟ್ಟಿದ್ದ ನೀಲಿ ಸೀರೆ ಉಟ್ಟು, ಅರ್ಜಿ ಹಿಡಿದು ದೊಡ್ಡ ಬೀದಿಗೇ ಇಳಿದಳು. ಒಂದು ಮನೆಯ ಮುಂದೆ ಹಪ್ಪಳ ಒಣಗುತ್ತಿತ್ತು, ಇನ್ನೊಂದರ ಮುಂದೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಅವಳು ದಾಟಿ ಹೋದಂತೆ ಮಾತು ನಿಂತು, ದಾಟಿದ ಮೇಲೆ ಮತ್ತೆ ಶುರುವಾಗುತ್ತಿತ್ತು. ಶ್ರೀಕಂಠಯ್ಯನವರ ಎದುರುಮನೆಯ ಅಲಮೇಲಮ್ಮ ಎಣ್ಣೆನೀರು ಹಾಕಿಕೊಂಡು ಬಿಸಿಲಿಗೆ ಕೂದಲು ಹರಡಿ ಕೂತಿದ್ದರು.

ಅಂಬುಜಮ್ಮ ಬಾಗಿಲನ್ನು ಅರ್ಧ ತೆಗೆದು ಚೊಂಬು ಚಾಚಿದರು. "ಕಾಲು ತೊಳ್ಕೊಂಡು ಬಾಮ್ಮ. ಎದುರಿಗೇ ದೇವರ ಮನೆ."

"ಕೈಯಲ್ಲಿ ಅರ್ಜಿ ಇದೆ, ಒದ್ದೆ ಆಗುತ್ತೆ. ನೀವೇ ಹಾಕಿ."

ಆಫೀಸರ ಹೆಂಡತಿ ಮೆಟ್ಟಿಲ ಮೇಲೆ ಬಗ್ಗಿ ಹಾಲಿನ ಹುಡುಗಿಯ ಕಾಲಿಗೆ ನೀರು ಹೊಯ್ದದ್ದನ್ನು ಇಡೀ ಬೀದಿ ನೋಡಿತು.

ಶ್ರೀಕಂಠಯ್ಯನವರು ಬನಿಯನ್-ಪಂಚೆಯಲ್ಲಿ, ಕೆನ್ನೆಯನ್ನು ಕೆಂಪು ಗಾರೆಗೆ ಒತ್ತಿಕೊಂಡು ಮಲಗಿದ್ದರು. "ಬಂದ್ಯಾ... ಅಂಬುಜಾ, ಬಾಗಿಲು ಹಾಕೇ."

"ಹಾಕ್ಬೇಡಿ ಸಾರ್. ಬೆಳಕು ಬೇಕು." ಬೆಳಕು ಬೇಕೆಂಬ ಶಾಸ್ತ್ರ ಅದುವರೆಗೆ ಎಲ್ಲೂ ಇರಲಿಲ್ಲ.

"ಕೈಯಲ್ಲಿ ಒತ್ತಿದ್ರೆ ಆಗಲ್ವಾ? ಕಾಲು ಅಂದ್ರೆ, ಒಂಥರಾ..."

"ಕೈಯಲ್ಲಿ ನಂಗೆ ಬರಿಯೋದೊಂದೇ ಬರೋದು ಸಾರ್."

ಅವಳು ಸೆರಗು ಸಿಕ್ಕಿಸಿಕೊಂಡು ನಿಂತಳು. ಮೂರು ದಿನದ ಸಿಟ್ಟೆಲ್ಲ ಎಡಗಾಲಿಗೆ ಇಳಿದಿತ್ತು. ಜೋರಾಗಿ ಒಂದು ಬಿಗಿದರೂ ಯಾರೂ ಕೇಳುವಂತಿರಲಿಲ್ಲ. ಮನುಷ್ಯ ಒದೆಸಿಕೊಳ್ಳಲೆಂದೇ ಮಲಗಿದ್ದರು. ಆದರೆ ಕಣ್ಣ ಮುಂದೆ ಇದ್ದದ್ದು ಒಂದು ಬಿಳಿಚಿದ ಬೆನ್ನು. ಬನಿಯನ್ನಿನ ತೂತಿನಲ್ಲಿ ಒಂದು ಮಚ್ಚೆ ಕಾಣುತ್ತಿತ್ತು. ಉಸಿರೆಳೆದರೂ ಆ ಬೆನ್ನು ನೋವಿಗೆ ನಡುಗುತ್ತಿತ್ತು. ಸಿಟ್ಟು ಕಾಲಿನಿಂದ ಇಳಿದುಹೋಗುವವರೆಗೆ ಅವಳು ಕಾದಳು. ಆಮೇಲೆ ಮೆಲ್ಲಗೆ, ಮೂರು ಸಲ.

ಮೂರನೆಯದಕ್ಕೆ ಲಟಕ್ಕೆಂದಿತು. ಶ್ರೀಕಂಠಯ್ಯನವರು ಹೊರಳಿ, ಕೈಯೂರಿ ಎದ್ದು ಕೂತರು. "ಬಿಡ್ತು ಕಣೇ! ಅಂಬುಜಾ, ಬಿಟ್ಟೇಬಿಡ್ತು!" ತೆರೆದ ಬಾಗಿಲಲ್ಲಿ ಬೀದಿ ಕಂಡದ್ದೇ ಟವೆಲ್ ಎಳೆದು ಹೆಗಲಿಗೆ ಹೊದ್ದುಕೊಂಡರು. "ಕಾಫಿ ಕುಡ್ಕೊಂಡು ಹಿಂದಿನ ಬಾಗಿಲಿಂದ ಹೋಗಮ್ಮ. ಯಾರಿಗೂ ಹೇಳೋಕೆ ಹೋಗ್ಬೇಡ."

ಪಟಾಲಮ್ಮ ಫಾರಂ ಅವರ ಮುಂದಿಟ್ಟಳು.

ಅವರ ಮುಖ ಆಫೀಸಿನ ಮುಖವಾಯಿತು. "ಅದಕ್ಕೆ ಇದು ಅಂತಾನಾ?"

"ಅಲ್ಲ ಸಾರ್. ಇದಕ್ಕೆ ನಾನು ಏನೂ ಮುಟ್ಟೋಹಾಗಿಲ್ಲ, ಕಾಫೀನೂ ಬೇಡ. ಮೊನ್ನೆ ಕೇಳಿದ್ದನ್ನೇ ಕೇಳ್ತಿದೀನಿ. ನನ್ನ ಬಲ್ಲಿರೋ ಇಲ್ವೋ, ನಿಜ ಏನಿದೆಯೋ ಅಷ್ಟು ಬರೀರಿ. ಗೊತ್ತಿಲ್ಲ ಅಂತ ಬರೆದ್ರೂ ತಗೊಂಡು ಹೋಗ್ತೀನಿ. ಗೊತ್ತಿಲ್ಲದೋಳ ಕಾಲಿಗೆ ಬೆನ್ನು ಹೇಗೆ ಕೊಟ್ರಿ ಅಂತ ಮಾತ್ರ ನೀವೇ ಕೇಳ್ಕೊಳ್ಳಿ."

ಅಂಬುಜಮ್ಮ ಒಳಗೆ ಹೋಗಿ ಹಸಿರು ಇಂಕಿನ ಪೆನ್ನು, ಮೊಹರು ತಂದು ಗಂಡನ ಮುಂದೆ ಹಿಡಿದರು.

"ಬರೀರಿ. ನನ್ನ ಸೊಂಟಾನೂ ಇವಳೇ ಬಿಡಿಸಿದ್ದು. ಎರಡು ಸಲ."

"ಯಾವಾಗ? ನಂಗೆ ಹೇಳ್ಲೇ ಇಲ್ಲ!"

"ಹೇಳಿದ್ರೆ ಕಳಿಸ್ತಿದ್ರಾ?"

ಶ್ರೀಕಂಠಯ್ಯನವರು ಪೆನ್ನು ತೆಗೆದುಕೊಂಡರು. 'ಆರು ವರ್ಷಗಳಿಂದ ಬಲ್ಲೆ' ಎಂದು ಬರೆದು, ಸಹಿ ಮಾಡಿ, ಮೊಹರು ಒತ್ತಿದರು. ತಲೆ ಎತ್ತಲಿಲ್ಲ. ಪಟಾಲಮ್ಮ ಇಂಕು ಆರುವವರೆಗೆ ಕಾಗದಕ್ಕೆ ಗಾಳಿ ಊದಿ, ಬಂದ ಬಾಗಿಲಿಂದಲೇ ಹೊರಟಳು.

"ಏನೇ ಪಟಾಲಿ," ಎದುರುಮನೆಯ ಗೇಟಿನಿಂದ ಅಲಮೇಲಮ್ಮ ಕೂಗಿದರು. "ಆಫೀಸರಿಗೆ ಏನಾಗಿತ್ತು?"

ಮಜ್ಜಿಗೆ ಕೊಡೋಕೆ ಹೋಗಿದ್ದೆ ಎನ್ನುವುದು ಅವಳ ಬಾಯಿಗೆ ರೂಢಿಯಾಗಿದ್ದ ಉತ್ತರ. ಅದು ನಾಲಗೆಯ ತುದಿಗೂ ಬಂತು.

"ಸೊಂಟ ಹಿಡ್ಕೊಂಡಿತ್ತು" ಎಂದಳು, ಅಕ್ಕಪಕ್ಕದ ಗೇಟುಗಳಿಗೂ ಕೇಳುವಂತೆ. "ಒದ್ದೆ. ಬಿಡ್ತು."

ಅಲಮೇಲಮ್ಮ ಗೇಟಿಗೆ ಜೋತುಬಿದ್ದು ಆಡುತ್ತಿದ್ದ ಮಗಳನ್ನು ಬಲಗೈಯಿಂದ ಎಳೆದು ಸೆರಗಿನ ಹಿಂದೆ ಮಾಡಿಕೊಂಡರು. ಅವರ ಎಡಗೈ ಬೆಳಗ್ಗೆಯಿಂದಲೂ ಕತ್ತಿನ ಮೇಲೇ ಇತ್ತು. ಕತ್ತು ಹೊರಳಿಸಲು ಆಗುತ್ತಿರಲಿಲ್ಲ. ನೀಲಿ ಸೀರೆ ಬಸ್‌ಸ್ಟಾಪಿನ ಕಡೆ ತಿರುಗುವವರೆಗೂ ಅವರು ಇಡೀ ಮೈಯನ್ನೇ ಸ್ವಲ್ಪಸ್ವಲ್ಪವಾಗಿ ತಿರುಗಿಸುತ್ತ ನೋಡಿದರು.