ಕಿರುಬೆರಳಿನ ಸರದಿ

ಬೇಕರಿಯವನ ಪ್ರಾರ್ಥನೆಗೆ ಮೊದಲು ಹೊತ್ತುಗೊತ್ತು ಇರಲಿಲ್ಲ. ಮಂಡಿಯೂರಿದರೆ ಸಾಕು, ಮನಸ್ಸು ಮೈದಾ ಮೂಟೆ, ಕೆಟ್ಟ ತಕ್ಕಡಿ, ಹೇಳದೆ ರಜೆ ಹಾಕಿದ ಕೆಲಸದವನು ಅಂತ ಊರೆಲ್ಲ ಸುತ್ತಿ ಬರುತ್ತಿತ್ತು. ಎಷ್ಟೋ ಸಲ ಹಾಗೇ ನಿದ್ದೆ ಹತ್ತಿದ್ದೂ ಉಂಟು. ಪಾದ್ರಿಗಳ ಹತ್ತಿರ ಹೇಳಿಕೊಂಡಾಗ ಅವರು, "ಬ್ರೆಡ್ಡಿಗೆ ಒಂದು ಕ್ರಮ ಇದೆ. ದೇವರಿಗೆ ಯಾಕಿಲ್ಲ?" ಎಂದರು. ಮಾತು ನಾಟಿತು.

ಅಂದಿನಿಂದ ಅವನು ಬೆಳಿಗ್ಗೆ ಹಿಟ್ಟು ನಾದಿ, ಒದ್ದೆ ಬಟ್ಟೆ ಮುಚ್ಚಿ, ಅದು ಉಬ್ಬುವಷ್ಟು ಹೊತ್ತನ್ನು ದೇವರಿಗೆ ಬಿಟ್ಟುಕೊಟ್ಟ. ಅಲಾರಾಂ ಇಟ್ಟು, ಮಗುಚಿಟ್ಟ ಎಣ್ಣೆ ಡಬ್ಬದ ಮೇಲೆ ಕೂತು, ಸತ್ಯವೇದದ ಒಂದು ಅಧ್ಯಾಯ ಓದುವುದು. ಆಮೇಲೆ ಬೆರಳು ಹಿಡಿದು ಪ್ರಾರ್ಥನೆ. ಹೆಬ್ಬೆರಳಿಗೆ ಸ್ತುತಿ, ತೋರುಬೆರಳಿಗೆ ಕೃತಜ್ಞತೆ, ನಡುಬೆರಳಿಗೆ ಪಾಪದ ಅರಿಕೆ, ಉಂಗುರದ ಬೆರಳಿಗೆ ಹೆಂಡತಿ ಮಕ್ಕಳು. ಕಿರುಬೆರಳಿಗೆ ತಮ್ಮ.

ಕ್ರಮ ಚೆನ್ನಾಗಿಯೇ ಕೂತಿತು. ನಿದ್ದೆ ದೂರವಾಯಿತು, ಮನಸ್ಸು ಹತೋಟಿಗೆ ಬಂತು. ಆದರೆ ಉಂಗುರದ ಬೆರಳು ಮುಗಿಯುವಷ್ಟರಲ್ಲಿ ದಿನವೂ ಅಲಾರಾಂ ಹೊಡೆಯುತ್ತಿತ್ತು. ಅವನು "ಆಮೆನ್" ಎಂದು ಎದ್ದು ಭಟ್ಟಿಯ ಕಡೆ ಹೋಗುತ್ತಿದ್ದ. ಹಿಟ್ಟು ಯಾರಿಗೂ ಕಾಯುವುದಿಲ್ಲ, ನಿಜ. ಹೆಂಡತಿ ಮಕ್ಕಳಿಗಾಗಿ ಅಷ್ಟುದ್ದ ಪ್ರಾರ್ಥಿಸುವ ಗಂಡಸು ಅಪರೂಪ ಎಂಬುದೂ ನಿಜ. ಮಗಳ ಹಲ್ಲುನೋವಿಗೂ ಅಲ್ಲಿ ಒಂದು ಪಾಲಿತ್ತು.

ತಮ್ಮನ ಜೊತೆ ಮಾತು ನಿಂತದ್ದು ತಾಯಿಯ ಮಣ್ಣಿನ ದಿನ. ಎಲ್ಲ ಮುಗಿದ ಮೇಲೆ ಅವನು ಏದುಸಿರು ಬಿಡುತ್ತ ಬಂದ. ಅಣ್ಣನಿಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಎಲ್ಲರೆದುರು, "ಈಗ ಯಾಕೆ ಬಂದೆ?" ಎಂದುಬಿಟ್ಟ. ದಾರಿಯಲ್ಲಿ ರೈಲು ಕೆಟ್ಟು ನಿಂತಿತ್ತೆಂದು ಮರುದಿನ ಗೊತ್ತಾಯಿತು. ಅಷ್ಟರಲ್ಲಿ ತಮ್ಮ ಹೊರಟುಹೋಗಿದ್ದ. ಆಮೇಲೆ ಇಬ್ಬರ ಹೆಂಡಂದಿರು ಮಾತ್ರ ಫೋನಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ವಾರಗಿತ್ತಿಯರಿಂದ ಮನೆ ಒಡೆಯುತ್ತದೆ ಎನ್ನುವವರು ಈ ಮನೆಯನ್ನು ನೋಡಿಲ್ಲ.

ಒಂದು ಸಂಜೆ ತಟ್ಟೆ ತೊಳೆಯುತ್ತ ಹೆಂಡತಿ ಹೇಳಿದಳು: "ನಾಳೆ ಮೈದುನನಿಗೆ ಹೃದಯದ ಆಪರೇಷನ್ ಅಂತೆ. ಒಂದು ಫೋನ್ ಮಾಡಿ."

"ಆಮೇಲೆ ಮಾಡ್ತೀನಿ. ಪ್ರಾರ್ಥನೇಲಂತೂ ಅವನಿದ್ದಾನಲ್ಲ."

"ಎಲ್ಲಿದ್ದಾನೆ? ದಿನಾ ಕೇಳಿಸ್ಕೊಳ್ತಾ ಇದೀನಿ. ನಿಮ್ಮದು ಆಮೆನ್ ಅಲ್ಲ ರೀ, ಆಮೇಲೆ."

ಅವನು ಮುಖ ಗಂಟು ಹಾಕಿಕೊಂಡ. "ಅಲಾರಾಂ ಹೊಡೆದುಬಿಡುತ್ತೆ. ನಾನೇನು ಮಾಡ್ಲಿ?"

"ಕಿರುಬೆರಳಿಂದ ಶುರು ಮಾಡಿ."

ಇಷ್ಟು ಸುಲಭದ ಉಪಾಯ ಅವನಿಗೆ ಹೊಳೆದಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಅವಳಂತೂ ನಂಬಲಿಲ್ಲ.

ಮರುದಿನ ಹಿಟ್ಟು ಮುಚ್ಚಿಟ್ಟು, ಕೂತು, ಕಿರುಬೆರಳು ಹಿಡಿದ. "ಕರ್ತನೇ, ನನ್ನ ತಮ್ಮ" ಎಂದ. ವಾಸಿ ಮಾಡು ಎನ್ನಲು ನಾಚಿಕೆಯಾಯಿತು. ಇವತ್ತು ಏನಾದರೂ ಆದರೆ, ಅಣ್ಣನಿಂದ ಅವನು ಕೇಳಿದ ಕೊನೆಯ ಮಾತು ಆ ಒಂದು ಪ್ರಶ್ನೆಯೇ ಆಗಿರುತ್ತದೆ. ಬೇಕರಿಯವನಿಗೆ ಭಯವಾಯಿತು. ಎದ್ದು, ಹಿಟ್ಟಿನ ಕೈಯಲ್ಲೇ ಫೋನು ಎತ್ತಿಕೊಂಡ.

"ಹಲೋ, ಯಾರು?"

"ನಾನು."

ಆ ಕಡೆ ಆಸ್ಪತ್ರೆಯ ಗಾಲಿಮಂಚವೊಂದು ಉರುಳುವ ಸದ್ದು ಕೇಳಿಸಿತು. ಅದು ದೂರ ಹೋದ ಮೇಲೆ ತಮ್ಮ ಮಾತಾಡಿದ.

"ಅಣ್ಣ, ಇದು ಹಿಟ್ಟು ಉಬ್ಬೋ ಹೊತ್ತಲ್ವಾ? ಹಾಳಾಗುತ್ತೆ. ಆಮೇಲೆ ಮಾಡು."

ಅವನೂ ಅದೇ ಭಟ್ಟಿಯ ಮುಂದೆ ಬೆಳೆದವನು.

"ಆಮೇಲೆ ಬೇಡ," ಎಂದ ಅಣ್ಣ. "ಅವತ್ತು ನಾನು ಹಾಗೆ ಕೇಳಬಾರದಾಗಿತ್ತು. ತಪ್ಪಾಯ್ತು ಕಣೋ."

ಅಲಾರಾಂ ಹೊಡೆಯಿತು.

"ಹೊಡೀತಾ ಇದೆ ನೋಡು," ಎಂದ ತಮ್ಮ.

"ಹೊಡೀಲಿ ಬಿಡು."

ಹೆಂಡತಿ ಬಂದು ಅಲಾರಾಂ ನಿಲ್ಲಿಸಿದಳು. ಗಂಡ ಡಬ್ಬದ ಮೇಲೆ ಕೂತು, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿಕೊಂಡು, ಕಿರುಬೆರಳನ್ನು ಮತ್ತೆ ಹಿಡಿದಿದ್ದ. ಎಷ್ಟೋ ಹೊತ್ತು ಕಳೆಯಿತು. ಬಟ್ಟೆ ಎತ್ತಿ ನೋಡಿದರೆ ಹಿಟ್ಟು ಮಿತಿಮೀರಿ ಉಬ್ಬಿ ಕುಸಿದಿತ್ತು. ಅವಳು ಅದನ್ನು ಹಾಗೇ ಮುಚ್ಚಿ ಅಂಗಡಿಯ ಬಾಗಿಲಿಗೆ ಹೋದಳು. ಹೊರಗೆ ಗಿರಾಕಿಗಳು ಚೀಲ ಹಿಡಿದು ನಿಂತಿದ್ದರು.

"ಬ್ರೆಡ್ ಇವತ್ತು ಆಮೇಲೆ," ಎಂದಳು.