ಮೂಲೆ ಹರಿದ ಪಾಕೀಟು

“ಹಣಮಪ್ಪ ಹೋದ್ನವಾ, ವೃಷಾಲಿ! ನನ್ನ ತಮ್ಮ ಹೋದಾ!”

ಕೊಲ್ಲಾಪುರದ ಹಾಸ್ಟೆಲ್ಲಿನಿಂದ ಆಗಷ್ಟೇ ಇಚಲಕರಂಜಿಯ ಮನೆಗೆ ಬಂದಿದ್ದ ವೃಷಾಲಿ ಇನ್ನೂ ಹೆಗಲಿನ ಬ್ಯಾಗು ಇಳಿಸಿರಲಿಲ್ಲ. ಕಟ್ಟೆಯ ಮೇಲೆ ಕೂದಲು ಬಿಟ್ಟುಕೊಂಡು ಕೂತಿದ್ದ ಅಜ್ಜಿ ಚೆನ್ನವ್ವನ ಮಾತು ಕೇಳಿ ಅವಳು ಹತ್ತಿರ ಓಡಿ ಬಂದಳು.

“ಯಾವಾಗ, ಆಯಿ? ಹಣಮಪ್ಪ ಮುತ್ಯಾ ಮೊನ್ನಿ ಫೋನಿನ್ಯಾಗ ಚಲೋನ ಮಾತಾಡಿದ್ನಲ್ಲ! ಯಾರ ಹೇಳಿದ್ರು?”

“ಯಾರ ಹೇಳಬೇಕ? ನಿನ್ನಿ ಕಾಗದ ಬಂದೈತಿ, ಮೂಲಿ ಹರದೈತಿ. ಪೋಸ್ಟಮನ್ ‘ಆಜೀ, ಗಡಹಿಂಗ್ಲಜಹೂನ ಆಲಂಯ್’ ಅಂದ, ಗಡಹಿಂಗ್ಲಜದಿಂದ ಬಂದೈತಿ ಅಂತ. ಅಲ್ಲಿ ನಮ್ಮವರಂದ್ರ ಅಂವ ಒಬ್ಬನ. ಹೆಬ್ಬಟ್ಟ ಒತ್ತಿ, ತಲಿಮ್ಯಾಲ ನೀರ ಹಾಕ್ಕೊಂಡ ಕುಂತೇನಿ. ನನ್ನ ಕಡೆ ಫೋನಿಲ್ಲ. ನಿಮ್ಮಪ್ಪ ಅವ್ವ ಅಕಿವಾಟದ ಲಗ್ನಕ್ಕ ಹೋಗ್ಯಾರ. ಓಣ್ಯಾಗ ಬಾಯಿ ಬಿಟ್ಟರ ಸುದ್ದಿ ಲಗ್ನದ ಮನಿಗೆ ಮುಟ್ಟತೈತಿ ಅಂತ ಸುಮ್ಮನಾದೆ.”

ಸಾವಿನ ಸುದ್ದಿ ಬರೆದ ಕಾಗದದ ಮೂಲೆ ಹರಿದು ಕಳಿಸುವುದು ಆ ಕಡೆಯ ಹಳೆಯ ರೂಢಿ. ಅಂಥದ್ದನ್ನು ಹೊಸಿಲು ದಾಟಿಸಬಾರದು. ಹೊರಗೇ ಓದಿಸಿ, ಹರಿದು ಒಗೆಯಬೇಕು.

ಹರಿದು ಒಗೆಯಬೇಕು! ನಾಳೆ ಹತ್ತಕ್ಕೆ ಕೊಲ್ಲಾಪುರದ ಅಂಚೆ ಕಚೇರಿಯಲ್ಲಿ ವೃಷಾಲಿಯ ದಾಖಲೆ ತಪಾಸಣೆ. ಗ್ರಾಮೀಣ ಡಾಕ್ ಸೇವಕರ ಪಟ್ಟಿಯಲ್ಲಿ ಹೆಸರು ಬಂದಿತ್ತು. ಗಡಹಿಂಗ್ಲಜದಲ್ಲಿ ಹಣಮಪ್ಪ ಮುತ್ಯಾನ ಮನೆಯಲ್ಲಿದ್ದು ಓದಿದವಳು ಅವಳು. ಹತ್ತನೇ ಇಯತ್ತೆಯ ಅಸಲು ಗುಣಪತ್ರಿಕೆ, ಅಂದರೆ ಅಂಕಪಟ್ಟಿ, ಅಲ್ಲೇ ಟ್ರಂಕಿನಲ್ಲಿ ಉಳಿದಿತ್ತು. ಮುತ್ಯಾ ಅದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದ. ಮುಟ್ಟಿದೆ ಎಂದು ಅವಳ ಮೊಬೈಲು ನಿನ್ನೆಯೇ ಹೇಳಿತ್ತು; ಆಯಿ ಹೇಳಿದ ಕಾಗದ ಅದೇ ಇರಬೇಕು. ಅದಿಲ್ಲದಿದ್ದರೆ ನೌಕರಿ ಇಲ್ಲ.

“ಆಯಿ, ಅದನ್ನ ಹರದಿ ಏನ?”

“ಓದಸದ ಹ್ಯಾಂಗ ಹರೀಲೆ? ಯಾವ ದಿನಾ ಹೋದಾ ಅನ್ನೂದರ ತಿಳೀಬೇಕಿಲ್ಲ? ಹಿತ್ತಲದಾಗ ಬಕೀಟಿನ ಬುಡಕ ಐತಿ.”

ವೃಷಾಲಿ ಹೆಗಲಿನ ಬ್ಯಾಗಿನೊಂದಿಗೇ ಓಡಿದಳು. ಒಗೆಯುವ ಕಲ್ಲಿನ ಪಕ್ಕ ಬೋರಲು ಹಾಕಿದ್ದ ಬಕೀಟು ಎತ್ತಿದಳು. ಪಾಕೀಟು ನೆನೆದಿರಲಿಲ್ಲ. ಒಳಗೆ ಗುಣಪತ್ರಿಕೆ, ಒಂದು ಗೀರೂ ಇಲ್ಲದೆ. ಅವಳು ಅಲ್ಲೇ ಕಲ್ಲಿನ ಮೇಲೆ ಕೂತು, ಮುತ್ಯಾನ ನಂಬರು ಒತ್ತಿದಳು.

“ಏನವಾ, ಪೋಸ್ಟಮಾಸ್ತರಬಾಯಿ?”

“ಮುತ್ಯಾ, ಜೀವಂತ ಅದಿ?”

“ಮುಂಜಾನಿ ಎರಡ ಭಾಕ್ರಿ ತಿಂದೇನಿ. ಅಂದ್ರ ಇರಬೇಕ. ಯಾಕ?”

ಅವಳು ಎಲ್ಲ ಹೇಳಿದಳು. ಆ ಕಡೆ ಕೆಮ್ಮೋ ನಗುವೋ ತಿಳಿಯದಂಥ ಸದ್ದು. “ಅಯ್ಯಯ್ಯ! ಹೊಸ ಪಾಕೀಟ ಯಾಕಂತ ಟ್ರಂಕಿನ್ಯಾಗಿನ ಹಳೇದನ್ನ ತಗದೆ. ಮೂಲಿ ಇಲಿ ತಿಂದಿತ್ತು. ಟೇಪ್ ಹಚ್ಚೂದ ಮರತೆ.”

ಹಿಂದೆಯೇ ಬಂದಿದ್ದ ಚೆನ್ನವ್ವ ಫೋನು ಕಸಿದುಕೊಂಡಳು. “ಏ ಹಣಮ್ಯಾ! ಮೂವತ್ತ ವರ್ಷ ಸೈಕಲ್ ಮ್ಯಾಲ ಟಪಾಲ ಹಂಚಿದಿ, ತಂತಿ-ತಾರ ಹಂಚಿದಿ. ಮೂಲಿ ಹರದ ಕಾಗದಂದ್ರ ಏನಂತ ನಿನಗ ನೆನಪಿಲ್ಲ? ನಿನ್ನಿಯಿಂದ ನಾ ಅನ್ನಾ ಮುಟ್ಟಿಲ್ಲೋ!” ಬೈಯುತ್ತ ಬೈಯುತ್ತ ಸೆರಗಿನಿಂದ ಮೂಗು ಒರೆಸಿಕೊಂಡಳು.

“ಅಕ್ಕಾ, ನಾ ಸೇರಿದಾಗ ಇಡೀ ತಾಲೂಕಿಗೆ ಒಂದ ತಾರಿನ ಮಷೀನಿತ್ತು. ಈಗ ತಾರ ಬಂದ್ ಆತು. ಹಳ್ಳಿ ಹಳ್ಳಿಗೆ, ವಾಡಿ ವಾಡಿಗೆ ಪೋಸ್ಟ್ ಬಂತು, ಅಲ್ಲೇ ಬ್ಯಾಂಕ್, ಅಲ್ಲೇ ಆಧಾರ. ಟಪಾಲ ಎಲ್ಲಿ ಮುಟ್ಟೇತಿ ಅಂತ ಹುಡಗೀ ಮೊಬೈಲಿನ್ಯಾಗ ಕಾಣತೈತಿ. ನೀ ಇನ್ನೂ ಮೂಲಿ ನೋಡಾಕತ್ತೀ!”

“ಮುಟ್ಟೇತಿ ಅಂತು ಹುಡಗೀ ಮೊಬೈಲು. ನೀ ಜೀವಂತ ಅದಿ ಅಂತ ಹೇಳ್ತೇನ?”

ವೃಷಾಲಿಗೆ ನಗು ತಡೆಯಲಾಗಲಿಲ್ಲ. ಗುಣಪತ್ರಿಕೆಯನ್ನು ಎದೆಗವಚಿಕೊಂಡೇ ಒಳಗೆ ಹೋಗಿ, ಅಜ್ಜಿಗೆ ತಾಟಿನಲ್ಲಿ ಅನ್ನ, ಆಮಟಿ ಹಾಕಿ ತಂದಳು. ಚೆನ್ನವ್ವ ಫೋನು ಕಿವಿಗಿಟ್ಟುಕೊಂಡೇ ಮೊದಲ ತುತ್ತು ನುಂಗಿದಳು.

“ನಾಳಿ ನಾನೂ ಬರತೇನಿ,” ಅಂದ ಹಣಮಪ್ಪ. “ಒಂಬತ್ತಕ್ಕ ಕೊಲ್ಲಾಪುರ ಸ್ಟ್ಯಾಂಡಿನ್ಯಾಗ ಗಡಹಿಂಗ್ಲಜದ ಗಾಡಿ ನಿಲ್ಲೂ ಕಡೆ ನಿಂದರಾಕ ಹೇಳ ಹುಡಗೀಗಿ.”

“ಅಕಿ ಜೋಡಿ ನಾನೂ ಬರಾಕಿ. ನಿನ್ನ ಕಣ್ಣಾರೆ ನೋಡಿದ ಮ್ಯಾಲ ನಂಬಾಕಿ. ಒಂಬತ್ತಕ್ಕ, ಹಣಮ್ಯಾ. ತಡಾ ಮಾಡಬ್ಯಾಡ.”