ಕಾಣದ ಬಣ್ಣ

ಬ್ಯಾಡಗಿಯ ಖಾಸಗಿ ಪ್ರಯೋಗಾಲಯದಲ್ಲಿ ಹೀನಾ ಮೂರು ವಾರಗಳಿಂದ ಒಂದೇ ಯಂತ್ರದ ಜೊತೆ ಗುದ್ದಾಡುತ್ತಿದ್ದಳು. ಕಲಬೆರಕೆಯನ್ನು ಯಂತ್ರ ಹಿಡಿಯುತ್ತದೆಯೇ ಎಂದು ನೋಡಲು ಖಾರದಪುಡಿಗೆ ತಾನೇ ಎಳ್ಳಿನಷ್ಟು ನಿಷೇಧಿತ ಕೆಂಪು ಬಣ್ಣ ಬೆರೆಸಿದ್ದಳು. ಆದರೂ ಕೂದಲೆಳೆಯಂಥ ಗಾಜಿನ ಕೊಳವೆಯಲ್ಲಿ ಹಾದುಹೋದ ಬಣ್ಣ ಪರದೆಯ ಮೇಲೆ ಸುಳಿವೇ ಕೊಡುತ್ತಿರಲಿಲ್ಲ. ಯಂತ್ರದ ದೀಪ ಬದಲಿಸಿದಳು, ಕೊಳವೆ ಬದಲಿಸಿದಳು. ಬಣ್ಣ ಸಿಕ್ಕರೆ ಮೇಲೇಳಬೇಕಿದ್ದ ಪರದೆಯ ಗೆರೆ ನಡುಗುತ್ತಿತ್ತೇ ಹೊರತು ಏಳುತ್ತಿರಲಿಲ್ಲ.

“ಕಾಣಂಗಿಲ್ಲಂದ್ರ ಇಲ್ಲಂತ ಬರೀರಿ,” ಎಂದರು ಮೇಲಧಿಕಾರಿ ಪ್ರಭುಲಿಂಗಪ್ಪ.

“ನಾನ ಹಾಕೇನ್ರಿ ಸರ್! ಇಲ್ಲಂತ ಹೆಂಗ ಬರೀಲಿ?”

ಸಿಟ್ಟಿನಲ್ಲೇ ಅವಳು ಮಾದರಿಯನ್ನು ಎಂದಿನ ಉಪ್ಪಿನ ದ್ರಾವಣದ ಬದಲು ಬರೀ ನೀರಿನಲ್ಲಿ ಕರಗಿಸಿ ಹಾಯಿಸಿದಳು. ಚದುರುತ್ತಿದ್ದ ಬಣ್ಣ ಕೊಳವೆಯೊಳಗೆ ಒತ್ತಾಗಿ ಒಂದೆಡೆ ಸೇರಿತು. ಗೆರೆ ಚೂಪಾಗಿ ಎದ್ದಿತು. ಮತ್ತೆರಡು ಸಲ ಹಾಯಿಸಿದಾಗಲೂ ಎದ್ದಿತು.

ಪ್ರಭುಲಿಂಗಪ್ಪ ಚಪ್ಪಾಳೆ ತಟ್ಟಿದರು. ಹೀನಾ ನಗಲಿಲ್ಲ. ಕಳೆದ ತಿಂಗಳು ಇದೇ ಯಂತ್ರವನ್ನು ನಂಬಿ ‘ಬಣ್ಣವಿಲ್ಲ’ ಎಂದು ತಾನು ಸಹಿ ಹಾಕಿದ್ದ ನಲವತ್ತು ಮಾದರಿಗಳನ್ನು ಕಪಾಟಿನಿಂದ ಮತ್ತೆ ಇಳಿಸತೊಡಗಿದಳು.